ಬಲ್ಬ್ ಹೊಸದು, ಆದರೂ ಉರಿಯಲ್ಲ: ಸೆಕೆಂಡ್ ಹ್ಯಾಂಡ್ ಲಕ್ಷುರಿ ಎಸ್‌ಯುವಿಯ ಲೈಟ್ ಗೋಳು

ಪ್ರಶ್ನೆ: ಸರ್, ನಾನು ಶಿವಮೊಗ್ಗದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದೇನೆ. ಎರಡು ತಿಂಗಳ ಹಿಂದೆ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2013ರ ಮಾಡೆಲ್‌ನ ಜರ್ಮನ್ ಲಕ್ಷುರಿ ಎಸ್‌ಯುವಿ ತಗೊಂಡೆ. ಡೀಸೆಲ್ ಗಾಡಿ, 94 ಸಾವಿರ ಕಿಲೋಮೀಟರ್ ಓಡಿದೆ. ಎಂಜಿನ್ ಬಗ್ಗೆ ಮಾತಿಲ್ಲ, ಲೈಟುಗಳದ್ದೇ ಗೋಳು. ಎಡಗಡೆ ಹಿಂದಿನ ಇಂಡಿಕೇಟರ್ ಟಪಟಪ ಅಂತ ಜೋರಾಗಿ ಹೊಡೆದುಕೊಳ್ಳುತ್ತದೆ. ಬಲ್ಬ್ ಹೋಗಿದೆ ಅಂತ ಮೀಟರ್‌ನಲ್ಲಿ ಬರುತ್ತದೆ. ಎರಡು ಸಲ ಬದಲಿಸಿದೆ, ಎರಡನೇ ಸಲ ಎಲ್‌ಇಡಿ ಹಾಕಿಸಿದೆ, ಪ್ರಯೋಜನ ಆಗಲಿಲ್ಲ. ಬ್ರೇಕ್ ಒತ್ತಿ ಇಂಡಿಕೇಟರ್ ಹಾಕಿದರೆ ಆ ಕಡೆಯ ಬ್ರೇಕ್ ಲೈಟೂ ಜೊತೆಗೇ ಮಿಣುಕುತ್ತದೆ. ಬಲಗಡೆ ಹೆಡ್‌ಲೈಟ್ ಹತ್ತಿದ ಇಪ್ಪತ್ತು ನಿಮಿಷಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿ ಆರಿಹೋಗುತ್ತದೆ. ನಂಬರ್ ಪ್ಲೇಟ್ ಲೈಟ್ ಮನಸ್ಸು ಬಂದಾಗ ಉರಿಯುತ್ತದೆ, ಡಿಕ್ಕಿ ಬಟನ್ನೂ ಹಾಗೇ. ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್. ಮಳೆ ಶುರುವಾದ ಮೇಲೆ ಎಡ ಹೆಡ್‌ಲೈಟ್ ಒಳಗೆ ಮಂಜು ಕಟ್ಟುತ್ತಿದೆ. ವರ್ಕ್‌ಶಾಪ್‌ನವರು ಎರಡೂ ಹೆಡ್‌ಲೈಟ್, ಲೈಟ್ ಮಾಡ್ಯೂಲ್, ಬ್ಯಾಟರಿ ಎಲ್ಲ ಸೇರಿಸಿ ಮೂರೂವರೆ ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದಾರೆ. ಮೂರು ತಿಂಗಳೊಳಗೆ ತಂದರೆ ಗಾಡಿ ವಾಪಸ್ ತಗೊಳ್ಳುತ್ತೇನೆ ಅಂತ ಡೀಲರ್ ಬರೆದುಕೊಟ್ಟಿದ್ದಾರೆ. ರಿಪೇರಿ ಮಾಡಿಸಲಾ, ವಾಪಸ್ ಕೊಡಲಾ?

ಉತ್ತರ: ಮೊದಲು ಆ ಎಸ್ಟಿಮೇಟನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ. ನೀವು ಬರೆದಿರುವುದರಲ್ಲಿ ಐದಾರು ದೂರು ಇದೆ, ಆದರೆ ರೋಗ ಅಷ್ಟಿಲ್ಲ. ನನ್ನ ಅಂದಾಜಿನಲ್ಲಿ ಮೂರೇ ಇದೆ. ಅದರಲ್ಲಿ ಒಂದಕ್ಕೂ ಹೊಸ ಮಾಡ್ಯೂಲ್ ಬೇಕಾಗಲಿಕ್ಕಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಲಕ್ಷುರಿ ಗಾಡಿಗಳ ಕರೆಂಟ್ ಕೆಲಸದಲ್ಲಿ ಆಗುವುದು ಬಹಳ ಸಲ ಅದೇ, ಬರೆಯ ಬಿಲ್ ಮಾತ್ರ ಲಕ್ಷದ ಲೆಕ್ಕದಲ್ಲಿರುತ್ತದೆ.

ಈ ಗಾಡಿಗಳಲ್ಲಿ ಲೈಟ್ ಹೇಗೆ ಹತ್ತುತ್ತದೆ ಅಂತ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಹಳೇ ಅಂಬಾಸಿಡರ್‌ನಲ್ಲಿ ಸ್ವಿಚ್ ಒತ್ತಿದರೆ ಕರೆಂಟ್ ಅದೇ ಸ್ವಿಚ್ ಮೂಲಕ ಬಲ್ಬಿಗೆ ಹೋಗುತ್ತಿತ್ತು. ನಿಮ್ಮ ಗಾಡಿಯಲ್ಲಿ ಸ್ವಿಚ್ ಒತ್ತುವುದು ಅಂದರೆ ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟ ಹಾಗೆ. ಅರ್ಜಿ ಹೋಗುವುದು ಲೈಟು ನೋಡಿಕೊಳ್ಳುವ ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆಗೆ, ಅಂದರೆ ಮಾಡ್ಯೂಲ್‌ಗೆ. ಬಿಎಂಡಬ್ಲ್ಯುನವರು ಆ ಕಾಲದ ಗಾಡಿಗಳಲ್ಲಿ ಅದನ್ನು ಫುಟ್‌ವೆಲ್ ಮಾಡ್ಯೂಲ್ ಅಂದರು, ಮರ್ಸಿಡಿಸ್‌ನವರು ಸ್ಯಾಮ್ ಅಂದರು, ಉಳಿದವರು ಸಾಮಾನ್ಯವಾಗಿ ಬಿಸಿಎಂ ಅನ್ನುತ್ತಾರೆ. ಇಂಥ ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡುವ ದಾರಿಗೆ ಕ್ಯಾನ್ ಬಸ್ ಅಂತ ಹೆಸರು. ಬಾಷ್ ಕಂಪನಿ ಅದನ್ನು 1986ರಲ್ಲಿ ಹೊರಗೆ ತಂದಿತು. ಮಾಡ್ಯೂಲ್ ಅರ್ಜಿ ನೋಡಿ ಬಲ್ಬಿಗೆ ಕರೆಂಟ್ ಬಿಡುತ್ತದೆ. ಬಿಟ್ಟ ಮೇಲೆ ಎಷ್ಟು ಕರೆಂಟ್ ಹೋಯಿತು ಅಂತ ಅಳೆಯುತ್ತದೆ. ನಿಮ್ಮ ಇಂಡಿಕೇಟರ್ ಬಲ್ಬ್ 21 ವ್ಯಾಟ್‌ನದು, ಅಂದರೆ ಸುಮಾರು 1.75 ಆಂಪಿಯರ್ ಎಳೆಯಬೇಕು. ಅದಕ್ಕಿಂತ ತುಂಬಾ ಕಮ್ಮಿ ಹೋದರೆ ಬಲ್ಬ್ ಹೋಗಿದೆ ಅಂತ ಮಾಡ್ಯೂಲ್ ತೀರ್ಮಾನ ಮಾಡಿ ನಿಮಗೆ ಮೆಸೇಜ್ ಹಾಕುತ್ತದೆ, ಇಂಡಿಕೇಟರನ್ನು ಜೋರಾಗಿ ಬಡಿಯುತ್ತದೆ.

ಮಾಡ್ಯೂಲ್‌ಗೆ ಕಣ್ಣಿಲ್ಲ. ಬಲ್ಬ್ ಹೋದರೂ, ಹೋಲ್ಡರ್ ಸುಟ್ಟರೂ, ವೈರ್ ತುಂಡಾದರೂ, ಅರ್ಥ್ (ಕರೆಂಟ್ ವಾಪಸ್ ಹೋಗುವ ದಾರಿ) ಲೂಸಾದರೂ ಅದಕ್ಕೆ ಕಾಣುವುದು ಒಂದೇ: ಕರೆಂಟ್ ಕಮ್ಮಿ ಹೋಗುತ್ತಿದೆ. ಎಲ್‌ಇಡಿ ಹಾಕಿದರೆ ಏನಾಗುತ್ತೆ ಅಂತ ಈಗ ನೀವೇ ಹೇಳಬಹುದು. ಎಲ್‌ಇಡಿ ಎಳೆಯುವುದೇ ಕಮ್ಮಿ. ಹಾಗಾಗಿ ಎರಡನೇ ಸಲ ನೀವು ಇದ್ದ ತೊಂದರೆಯ ಮೇಲೆ ಇನ್ನೊಂದನ್ನು ಹೇರಿದಿರಿ. ಅದನ್ನು ತೆಗೆದು ಕಂಪನಿ ಹೇಳಿದ ನಂಬರಿನ ಬಲ್ಬನ್ನೇ ಹಾಕಿ. ಎಲ್‌ಇಡಿ ಜೊತೆ ರೆಸಿಸ್ಟರ್ ಕಟ್ಟಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಆ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. ಅದನ್ನು ಪ್ಲಾಸ್ಟಿಕ್‌ಗೆ ಅಂಟಿಸಿ ಲ್ಯಾಂಪೇ ಕರಗಿ ಜೋತುಬಿದ್ದ ಗಾಡಿ ನನ್ನ ಹತ್ತಿರ ಬಂದಿದೆ.

ಈಗ ನಿಮ್ಮ ಎಡಗಡೆ ಹಿಂದಿನ ಲ್ಯಾಂಪ್. ಇಂಡಿಕೇಟರ್ ಬಡಿದಾಗ ಬ್ರೇಕ್ ಲೈಟೂ ಮಿಣುಕುತ್ತದೆ ಅಂತ ಬರೆದಿರಲ್ಲ, ಆ ಒಂದು ಸಾಲು ಸಾಕಾಯಿತು. ಅದು ಅರ್ಥ್ ಲೂಸ್ ಇರುವ ಲಕ್ಷಣ. ತೋಟ ಮಾಡಿದವರಿಗೆ ಇದನ್ನು ಹೇಳುವುದು ಸುಲಭ. ನಾಲ್ಕು ಮಡಿಗೆ ನಾಲ್ಕು ಕಡೆಯಿಂದ ನೀರು ಬರುತ್ತದೆ, ಹೊರಹೋಗುವ ಬಸಿಗಾಲುವೆ ಮಾತ್ರ ಒಂದೇ. ಬಸಿಗಾಲುವೆಗೆ ಸೋಗೆ ಸಿಕ್ಕಿಕೊಂಡರೆ ಒಂದು ಮಡಿಗೆ ನೀರು ಬಿಟ್ಟಾಗ ಉಳಿದ ಮಡಿಯಲ್ಲೂ ನೀರು ನಿಲ್ಲುತ್ತದೆ. ಲ್ಯಾಂಪ್ ಒಳಗಿನ ಪಾರ್ಕ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲಕ್ಕೂ ವಾಪಸ್ ಹೋಗುವ ಅರ್ಥ್ ವೈರ್ ಬಹಳ ಗಾಡಿಗಳಲ್ಲಿ ಒಂದೇ ಇರುತ್ತದೆ. ಅದು ಸರಿಯಾಗಿ ಕೂತಿಲ್ಲ ಅಂದರೆ ಒಂದು ಲೈಟ್ ಹತ್ತಿದಾಗ ಪಕ್ಕದ್ದು ಮಂಕಾಗುತ್ತದೆ. ಕೆಲವು ಗಾಡಿಗಳಲ್ಲಿ ಕರೆಂಟ್ ಬೇರೆ ಬಲ್ಬಿನ ಮೂಲಕ ದಾರಿ ಹುಡುಕಿಕೊಂಡು, ಹತ್ತಬಾರದ ಲೈಟೂ ಹತ್ತುತ್ತದೆ.

ಇದನ್ನು ಪರೀಕ್ಷೆ ಮಾಡಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಮೊನೆಯನ್ನು ಬ್ಯಾಟರಿ ನೆಗೆಟಿವ್‌ಗೆ ಅಥವಾ ಪೇಂಟ್ ಇಲ್ಲದ ಬರಿಯ ಲೋಹಕ್ಕೆ ಹಿಡಿಯಿರಿ. ಕೆಂಪು ಮೊನೆಯನ್ನು ಲ್ಯಾಂಪಿಗೆ ವೈರ್ ಸಿಕ್ಕಿಸುವ ಕಪ್ಲರ್‌ನಲ್ಲಿ ಅರ್ಥ್ ವೈರಿಗೆ ತಾಗಿಸಿ. ಸಾಮಾನ್ಯವಾಗಿ ಅದು ಕಂದು ಅಥವಾ ಕಪ್ಪು ಬಣ್ಣದ್ದು. ಕಪ್ಲರ್ ಸಿಕ್ಕಿಸಿಯೇ ಇರಬೇಕು, ಬಿಚ್ಚಬಾರದು. ಈಗ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಮೀಟರ್ 0.1 ಅಥವಾ 0.2 ವೋಲ್ಟ್ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಒಂದು, ಎರಡು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ಬಹಳ ಜನ ಇಲ್ಲಿ ಓಮ್ಸ್ ನೋಡುತ್ತಾರೆ, ಬೀಪ್ ಬಂತು ಅಂದ ಕೂಡಲೇ ಅರ್ಥ್ ಸರಿ ಇದೆ ಅಂತ ಎದ್ದುಬಿಡುತ್ತಾರೆ. ಹತ್ತಿಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಕೆಲಸ ಕೊಟ್ಟಾಗ ಮಾತ್ರ ಅದರ ಬಣ್ಣ ಬಯಲಾಗುವುದು.

ಕಳ್ಳ ಇರುವ ಜಾಗ ಸಾಧಾರಣವಾಗಿ ಎರಡು. ಒಂದು, ಬಲ್ಬ್ ಹೋಲ್ಡರ್‌ನ ಅರ್ಥ್ ಪಿನ್. ಅದನ್ನು ಹೊರಗೆ ಎಳೆದು ಬೆಳಕಿಗೆ ಹಿಡಿದು ನೋಡಿ. ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಕಾದಿದೆ ಅಂತ ಅರ್ಥ. ಎರಡು, ಹಿಂದಿನ ಪಕ್ಕದ ಪ್ಯಾನೆಲ್ ಒಳಗೆ ಬಾಡಿಗೆ ಕಚ್ಚಿಸಿದ ಅರ್ಥ್ ಬೋಲ್ಟ್. ಡಿಕ್ಕಿಯ ಎಡಗಡೆ ಲೈನಿಂಗ್ ತೆಗೆದರೆ ಸಿಗುತ್ತದೆ. ಬೋಲ್ಟ್ ಕೆಳಗೆ ಹಸಿರು ಕಿಲುಬು ಇದ್ದರೆ ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಾಗಿ ಕಟ್ಟಿ.

ಇಲ್ಲಿ ನನ್ನದೊಂದು ಪೆದ್ದತನ ಹೇಳಿಬಿಡುತ್ತೇನೆ. ಈ ಕೆಲಸ ಹಿಡಿದ ಹೊಸತು. ಇದೇ ದೂರಿನ ಒಂದು ದೊಡ್ಡ ಗಾಡಿಗೆ ಎರಡು ದಿನ ಒದ್ದಾಡಿದೆ. ಹೋಲ್ಡರ್ ಬದಲಿಸಿದೆ, ವೈರ್ ಹೊಸದಾಗಿ ಎಳೆದೆ. ಮೂರನೇ ದಿನ ನನ್ನ ಹುಡುಗ ಅರ್ಥ್ ಬೋಲ್ಟ್ ಬಿಚ್ಚಿ ತಂದು ಕೈಗೆ ಕೊಟ್ಟ. ಬೋಲ್ಟ್ ಫಳಫಳ ಹೊಳೆಯುತ್ತಿತ್ತು. ಅದನ್ನು ಕೂರಿಸಿದ ಜಾಗ ಇನ್ನೂ ಚೆನ್ನಾಗಿ ಹೊಳೆಯುತ್ತಿತ್ತು, ಬೆಳ್ಳಿ ಬಣ್ಣದ ಪೇಂಟಿನಿಂದ. ಹಿಂದೆ ಯಾರೋ ಗುದ್ದಿದ್ದರು, ಟಿಂಕರಿಂಗ್ ಮಾಡಿದವರು ಬೋಲ್ಟ್ ತೆಗೆದು ಪೇಂಟ್ ಹೊಡೆದು ಅದರ ಮೇಲೇ ಅರ್ಥ್ ಕಟ್ಟಿದ್ದರು. ನಿಮ್ಮ ಗಾಡಿಯ ಎಡ ಹಿಂಭಾಗಕ್ಕೂ ಯಾವಾಗಲಾದರೂ ಪೇಂಟ್ ಆಗಿದೆಯಾ ನೋಡಿ. ಬಾಗಿಲಿನ ಪೇಂಟ್ ಪಕ್ಕ ಇಟ್ಟು ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೇ ರೋಗ ಡಿಕ್ಕಿಯದು. ನಂಬರ್ ಪ್ಲೇಟ್ ಲೈಟ್, ಡಿಕ್ಕಿ ಬಟನ್, ಇವೆರಡೂ ಡಿಕ್ಕಿ ಬಾಗಿಲಿನಲ್ಲೇ ಇವೆ ಅಲ್ವಾ? ಎರಡಕ್ಕೂ ಒಟ್ಟಿಗೆ ಹುಚ್ಚು ಹಿಡಿದರೆ ಬಾಗಿಲಿಗೆ ಹೋಗುವ ವೈರಿನ ಮೇಲೆ ಕಣ್ಣಿಡಬೇಕು. ಡಿಕ್ಕಿ ಎತ್ತಿದಾಗ ಮೇಲೆ ಕೀಲಿನ ಪಕ್ಕ ಬಾಡಿಯಿಂದ ಬಾಗಿಲಿಗೆ ಹೋಗುವ ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ಅದರೊಳಗೆ ಹತ್ತಾರು ತೆಳ್ಳನೆ ವೈರ್. ಪ್ರತಿ ಸಲ ಡಿಕ್ಕಿ ತೆಗೆದಾಗ, ಹಾಕಿದಾಗ ಅವು ಒಂದೇ ಜಾಗದಲ್ಲಿ ಬಾಗುತ್ತವೆ. ಹನ್ನೆರಡು ವರ್ಷ, ದಿನಕ್ಕೆ ಎರಡು ಸಲ ಅಂದರೂ ಎಂಟು ಸಾವಿರ ಸಲಕ್ಕಿಂತ ಜಾಸ್ತಿ ಆಯಿತು. ರಬ್ಬರ್ ಕೊಳವೆಯ ಒಂದು ತುದಿ ಬಿಡಿಸಿ ಹಿಂದಕ್ಕೆ ಸರಿಸಿ. ಟೇಪ್ ಬಿಚ್ಚಿ ಒಂದೊಂದೇ ವೈರನ್ನು ಬೆರಳಲ್ಲಿ ಮೆತ್ತಗೆ ಬಗ್ಗಿಸಿ ನೋಡಿ. ಕೆಟ್ಟ ವೈರಿನ ಮೇಲಿನ ಪ್ಲಾಸ್ಟಿಕ್ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಚಟ್ ಅಂತ ಬಿರಿಯುತ್ತದೆ, ಒಳಗೆ ಕಪ್ಪಾದ ತಾಮ್ರ ಇಣುಕುತ್ತದೆ. ಕೆಲವು ವೈರ್ ಹೊರಗಿಂದ ನೋಡಲು ಚೆನ್ನಾಗಿಯೇ ಇರುತ್ತವೆ, ಎಳೆದರೆ ಮಾತ್ರ ರಬ್ಬರ್ ಬ್ಯಾಂಡಿನಂತೆ ಉದ್ದವಾಗುತ್ತವೆ. ಅಂದರೆ ಒಳಗೆ ತಾಮ್ರ ತುಂಡಾಗಿದೆ, ಬರೀ ಸಿಪ್ಪೆ ಹಿಡಿದುಕೊಂಡಿದೆ.

ರಿಪೇರಿಯಲ್ಲಿ ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ. ತುಂಡಾದ ಜಾಗದಲ್ಲೇ ತಿರುಚಿ ಟೇಪ್ ಸುತ್ತುತ್ತಾರೆ. ಆರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಹೋಗುತ್ತದೆ, ಯಾಕೆಂದರೆ ಬಾಗುವ ಜಾಗ ಅದೇ. ಬಾಗುವ ಭಾಗದಲ್ಲಿ ಸಿಲಿಕಾನ್ ಸಿಪ್ಪೆಯ ಮೆತ್ತನೆ ವೈರ್ ಹೊಸದಾಗಿ ಹಾಕಿ, ಜೋಡಿಸುವ ಗಂಟು ಒಂದು ಕಡೆ ಬಾಡಿಯ ಒಳಗೆ, ಇನ್ನೊಂದು ಕಡೆ ಬಾಗಿಲಿನ ಒಳಗೆ ಬರುವ ಹಾಗೆ ನೋಡಿಕೊಳ್ಳಬೇಕು. ಗಂಟುಗಳೆಲ್ಲ ಒಂದೇ ಜಾಗದಲ್ಲಿ ಗುಡ್ಡೆಯಾಗದಂತೆ ಮೇಲೆ ಕೆಳಗೆ ಮಾಡಬೇಕು. ಪ್ರತಿ ಗಂಟಿಗೂ ಬಿಸಿ ತಾಗಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕು. ಕೈ ಪಳಗಿದ ಆಟೋ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಬೇಕಾಗುವ ಸಾಮಾನಿನ ಬೆಲೆ ಸಾವಿರ ರೂಪಾಯಿ ದಾಟುವುದು ಕಷ್ಟ.

ನಿಮ್ಮ ಬ್ಯಾಟರಿ ಗೋಳೂ ಇಲ್ಲಿಂದಲೇ ಬಂದಿರಬಹುದು ಅನ್ನುವುದು ನನ್ನ ಗುಮಾನಿ. ಡಿಕ್ಕಿ ಲಾಕ್ ಒಳಗೆ ಒಂದು ಸಣ್ಣ ಸ್ವಿಚ್ ಇದೆ. ಬಾಗಿಲು ಮುಚ್ಚಿದೆ ಅಂತ ಗಾಡಿಗೆ ಹೇಳುವುದು ಅದು. ಅದರ ವೈರೂ ಇದೇ ರಬ್ಬರ್ ಕೊಳವೆಯಲ್ಲಿ ಬರುತ್ತದೆ. ಅದು ತುಂಡಾದರೆ ಡಿಕ್ಕಿ ತೆರೆದೇ ಇದೆ ಅಂತ ಗಾಡಿ ಅಂದುಕೊಳ್ಳುತ್ತದೆ. ಒಳಗಿನ ಲೈಟ್ ಉರಿಯುತ್ತಿರುತ್ತದೆ, ಮಾಡ್ಯೂಲ್‌ಗಳು ನಿದ್ದೆಗೆ ಹೋಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಳ್ಳೆ ಗಾಡಿ ಲಾಕ್ ಮಾಡಿ ನಿಲ್ಲಿಸಿದಾಗ ಸುಮಾರು 50 ಮಿಲಿ ಆಂಪಿಯರ್ ಒಳಗೆ ಎಳೆಯಬೇಕು. ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. 80 ಆಂಪಿಯರ್ ಅವರ್ ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲ, ಮೂರು ವಾರ ನಿಂತರೂ ಸ್ಟಾರ್ಟ್ ಆಗುತ್ತದೆ. ನಿದ್ದೆ ಬರದ ಗಾಡಿ ಒಂದು ಆಂಪಿಯರ್ ಎಳೆದರೆ ದಿನಕ್ಕೆ 24, ಮೂರು ದಿನಕ್ಕೆ 72. ಬ್ಯಾಟರಿ ಖಾಲಿ. ನೀವು ಬರೆದ ಮೂರು ದಿನಕ್ಕೆ ಲೆಕ್ಕ ಸರಿಯಾಗಿ ಕೂತಿತು.

ಅಳೆಯುವಾಗ ತಾಳ್ಮೆ ಬೇಕು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದವರನ್ನು ಹಿಡಿಯಿರಿ, ಬ್ಯಾಟರಿ ವೈರ್ ಬಿಚ್ಚುವ ಗೊಡವೆ ಇರುವುದಿಲ್ಲ. ಈ ಗಾಡಿಗಳಲ್ಲಿ ಬ್ಯಾಟರಿ ಬಹಳ ಸಲ ಡಿಕ್ಕಿಯ ತಳದಲ್ಲೋ ಸೀಟಿನ ಕೆಳಗೋ ಇರುತ್ತದೆ. ಡಿಕ್ಕಿಯಲ್ಲಿದ್ದರೆ ಬಾಗಿಲು ಮೇಲೆತ್ತಿಯೇ ಇಟ್ಟು, ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ. ಕ್ಲಿಕ್ ಅಂದಾಗ ಒಳಗಿನ ಲೈಟ್ ಆರಬೇಕು. ಆರದಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಆರಿದರೆ ಗಾಡಿ ಲಾಕ್ ಮಾಡಿ, ಕೀಯನ್ನು ಮನೆಯೊಳಗೆ ದೂರ ಇಟ್ಟು, ಮುಕ್ಕಾಲು ಗಂಟೆ ಮುಟ್ಟದೆ ಬಿಡಿ. ಆಮೇಲೆ ರೀಡಿಂಗ್ ನೋಡಿ. ನಡುವೆ ಬಾಗಿಲು ತೆಗೆದರೆ ಗಾಡಿ ಮತ್ತೆ ಎದ್ದು ಕೂರುತ್ತದೆ, ಮತ್ತೆ ಮುಕ್ಕಾಲು ಗಂಟೆ. ನೆಗೆಟಿವ್ ವೈರ್ ಬಿಚ್ಚಿ ಸಾಧಾರಣ ಮೀಟರ್ ಸೇರಿಸುವವರು ಸ್ಟಾರ್ಟ್ ಮಾಡಲು ಹೋಗಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಆದ್ದರಿಂದ ಇನ್ನೂ ಒಂದು ನೋಡಿ: ಹಿಂದಿನವರು ಸಿಕ್ಕಿಸಿ ಮರೆತ ಡ್ಯಾಶ್ ಕ್ಯಾಮೆರಾ, ಸ್ಟೇರಿಂಗ್ ಕೆಳಗೆ ಅವಿತಿರುವ ಜಿಪಿಎಸ್ ಟ್ರ್ಯಾಕರ್, ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಯಂತ್ರ) ಸಿಕ್ಕಿಸುವ ಒಬಿಡಿ ಪೋರ್ಟಿನಲ್ಲಿರುವ ಡಾಂಗಲ್. ಇವು ಸದ್ದಿಲ್ಲದೆ ಬ್ಯಾಟರಿ ಕುಡಿಯುತ್ತವೆ.

ಬ್ಯಾಟರಿಯನ್ನೂ ಪರೀಕ್ಷೆ ಮಾಡದೆ ಬದಲಿಸಬೇಡಿ. ಫುಲ್ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆದರೆ 12.6 ವೋಲ್ಟ್ ಇರಬೇಕು, ಎಜಿಎಂ (ಒಳಗೆ ಗಾಜಿನ ನಾರಿನ ಹಾಳೆ ಇರುವ) ಬ್ಯಾಟರಿ ಆದರೆ 12.8ರ ಹತ್ತಿರ. 12.0 ಅಂದರೆ ಖಾಲಿ. ಸ್ಟಾರ್ಟ್ ಮಾಡುವಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿ ನೋಡಿದರೆ 13.8ರಿಂದ 14.7ರ ನಡುವೆ ಇರಬೇಕು. ಕೆಲವು ಗಾಡಿಗಳಲ್ಲಿ ಕಂಪ್ಯೂಟರೇ ಬೇಕೆಂದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಏರಿಸಿ ಇಳಿಸುತ್ತದೆ, ಒಂದೇ ರೀಡಿಂಗ್ ನೋಡಿ ಆಲ್ಟರ್ನೇಟರ್ ಹೋಯಿತು ಅನ್ನಬೇಡಿ. ಹೊಸ ಬ್ಯಾಟರಿ ಹಾಕಲೇಬೇಕಾದರೆ, ನಿಮ್ಮ ಗಾಡಿಗೆ ರಿಜಿಸ್ಟರ್ ಮಾಡುವ ಪದ್ಧತಿ ಇದೆಯಾ ಕೇಳಿ. ಇದ್ದರೆ ಸ್ಕ್ಯಾನರ್‌ನಿಂದ ಹೊಸದು ಹಾಕಿದೆ ಅಂತ ಗಾಡಿಗೆ ತಿಳಿಸಬೇಕು. ಇಲ್ಲದಿದ್ದರೆ ಅದು ಹಳೇ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡುತ್ತಿರುತ್ತದೆ.

ಬ್ಯಾಟರಿ ಡೌನ್ ಆದಾಗ ನೀವು ಹೇಗೆ ಸ್ಟಾರ್ಟ್ ಮಾಡಿದಿರಿ ಅಂತ ಬರೆದಿಲ್ಲ. ಟ್ರ್ಯಾಕ್ಟರ್ ಬ್ಯಾಟರಿಯಿಂದ ಎಳೆದಿರಲಿಕ್ಕಿಲ್ಲ ಅಂದುಕೊಂಡಿದ್ದೇನೆ! ಬಾನೆಟ್ ಕೆಳಗೆ ಜಂಪ್ ಸ್ಟಾರ್ಟ್‌ಗೆ ಬೇರೆ ಪಾಯಿಂಟ್ ಇದ್ದರೆ ಅಲ್ಲೇ ಹಾಕಬೇಕು, ಕೇಬಲ್ ಉಲ್ಟಾ ಹಾಕಲೇಬಾರದು. ವೋಲ್ಟೇಜ್ ಕುಸಿದು ಏರಿದಾಗ ಲೈಟ್ ಮಾಡ್ಯೂಲ್‌ನ ಮೆಮೊರಿ ಕೆಡುವುದುಂಟು. ಬಿಎಂಡಬ್ಲ್ಯುವಿನ ಆ ಕಾಲದ ಫುಟ್‌ವೆಲ್ ಮಾಡ್ಯೂಲ್ ವಿಷಯದಲ್ಲಿ ಇದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಆಗ ಲೈಟಿನ ಜೊತೆಗೆ ಕಿಟಕಿ ಗಾಜೂ ಇಳಿಯಲ್ಲ. ಹಾಗೆ ಆದರೂ ಚಿಪ್ ಓದಿ ಮತ್ತೆ ಬರೆಯುವವರು ಇದ್ದಾರೆ, ಹೊಸದೇ ಬೇಕು ಅಂತಿಲ್ಲ. ಅದೇ ಮಾಡ್ಯೂಲ್ ಒಂದು ಲೈಟಿನ ವೈರ್ ಎಷ್ಟು ಸಲ ಶಾರ್ಟ್ ಆಯಿತು ಅಂತ ಎಣಿಸಿಕೊಳ್ಳುತ್ತದೆ. ಮಿತಿ ದಾಟಿದರೆ ಆ ದಾರಿಯನ್ನೇ ಬಂದ್ ಮಾಡುತ್ತದೆ. ವೈರ್ ಸರಿಮಾಡಿದ ಮೇಲೂ ಲೈಟ್ ಬರುವುದಿಲ್ಲ, ಎಣಿಕೆಯನ್ನು ಸ್ಕ್ಯಾನರ್‌ನಿಂದ ಸೊನ್ನೆ ಮಾಡಬೇಕು. ಇದು ಗೊತ್ತಿಲ್ಲದೆ ಮಾಡ್ಯೂಲ್ ಸತ್ತಿದೆ ಅಂತ ಬರೆದುಕೊಟ್ಟ ಎಸ್ಟಿಮೇಟ್‌ಗಳನ್ನು ನೋಡಿದ್ದೇನೆ. ನಿಮ್ಮ ವರ್ಕ್‌ಶಾಪ್‌ನವರಿಗೆ ಒಂದೇ ಪ್ರಶ್ನೆ ಕೇಳಿ: ಮಾಡ್ಯೂಲ್‌ನಿಂದ ಹೊರಗೆ ಬರುವ ವೈರಿನಲ್ಲಿ ವೋಲ್ಟೇಜ್ ಅಳೆದಿರಾ? ಅಲ್ಲಿ ಕರೆಂಟ್ ಬರುತ್ತಿದ್ದರೆ ಮಾಡ್ಯೂಲ್ ತನ್ನ ಕೆಲಸ ಮಾಡಿದೆ. ಸ್ಕ್ಯಾನರ್‌ನಲ್ಲಿ ಕೋಡ್ ಬಂತು ಅನ್ನುವುದು ಉತ್ತರ ಅಲ್ಲ.

ಮೂರನೆಯದು ಹೆಡ್‌ಲೈಟ್. ಗುಲಾಬಿ ಬಣ್ಣಕ್ಕೆ ತಿರುಗಿ ಆರುವುದು, ಸ್ವಿಚ್ ಆಫ್ ಮಾಡಿ ಹಾಕಿದರೆ ಮತ್ತೆ ಹತ್ತುವುದು, ಇದು ವಯಸ್ಸಾದ ಝೆನಾನ್ ಬಲ್ಬ್. ಅದರಲ್ಲಿ ತಂತಿ ಇರುವುದಿಲ್ಲ, ಎರಡು ಮೊನೆಗಳ ನಡುವೆ ಕಿಡಿ ಹಾರಿ ಅನಿಲ ಉರಿಯುತ್ತದೆ. ಹತ್ತುವ ಕ್ಷಣದಲ್ಲಿ 20,000 ವೋಲ್ಟ್‌ಗಿಂತ ಜಾಸ್ತಿ ಬೇಕು. ಆ ಕೆಲಸ ಮಾಡುವುದು ಬಾಲಾಸ್ಟ್ ಮತ್ತು ಇಗ್ನೈಟರ್. ಆದ್ದರಿಂದ ಲೈಟ್ ಹಾಕಿಕೊಂಡು ಇದಕ್ಕೆ ಕೈ ಹಾಕಬೇಡಿ. ಗಾಡಿ ಆಫ್ ಮಾಡಿ, ತಣ್ಣಗಾಗಲು ಬಿಟ್ಟು, ಎಡ ಬಲದ ಬಲ್ಬ್ ಅದಲುಬದಲು ಮಾಡಿಸಿ. ಗುಲಾಬಿ ಬಣ್ಣ ಎಡಗಡೆಗೆ ಹೋದರೆ ಬಲ್ಬಿನದೇ ತಪ್ಪು. ಬಲಗಡೆಯೇ ಉಳಿದರೆ ಬಾಲಾಸ್ಟ್ ಅಥವಾ ಅದರ ಕಪ್ಲರ್. ಗಾಜಿಗೆ ಬೆರಳು ತಾಗಬಾರದು. ಬಲ್ಬ್ ತರುವಾಗ ಬುಡದಲ್ಲಿ ಬರೆದ ನಂಬರ್ ಓದಿಕೊಂಡು ಹೋಗಿ. ಡಿ1ಎಸ್ ಮತ್ತು ಡಿ3ಎಸ್ ಎರಡೂ 35 ವ್ಯಾಟ್, ನೋಡಲೂ ಅಣ್ಣತಮ್ಮ. ಆದರೆ ಒಂದು ಸುಮಾರು 85 ವೋಲ್ಟಿನಲ್ಲಿ, ಇನ್ನೊಂದು 42 ವೋಲ್ಟಿನಲ್ಲಿ ಓಡುತ್ತದೆ. ಒಂದರ ಬದಲು ಇನ್ನೊಂದು ಆಗುವುದಿಲ್ಲ. ಹಾಕಿದರೆ ಎರಡೂ ಕಡೆ ಹೊಸದೇ ಹಾಕಿ, ಇಲ್ಲದಿದ್ದರೆ ಒಂದು ಕಣ್ಣು ಬಿಳಿ, ಒಂದು ಕಣ್ಣು ಹಳದಿ.

ಎಡ ಹೆಡ್‌ಲೈಟ್‌ನ ಮಂಜಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಮಲೆನಾಡಿನ ಮಳೆಯಲ್ಲಿ ಲೈಟ್ ಹಾಕಿ ಅರ್ಧ ಗಂಟೆಗೆ ತಿಳಿಯಾಗುವ ಮಂಜು ಸಹಜ, ಲ್ಯಾಂಪಿಗೆ ಉಸಿರಾಡುವ ತೂತು ಇರುತ್ತದೆ. ತಳದಲ್ಲಿ ನೀರು ನಿಂತು ಅಲುಗಾಡಿದರೆ ಮಾತ್ರ ಸೀಲ್ ಒಡೆದಿದೆ ಅಥವಾ ಹಿಂದಿನ ಮುಚ್ಚಳ ಸರಿಯಾಗಿ ಕೂತಿಲ್ಲ. ನಿಂತ ನೀರು ಅಲ್ಲೇ ಕೆಳಗಿರುವ ಬಾಲಾಸ್ಟನ್ನು ತಿನ್ನುತ್ತದೆ, ಅದನ್ನು ತಡಮಾಡಬೇಡಿ. ನೀರು ಇಳಿಯಲಿ ಅಂತ ಡ್ರಿಲ್ ಹಾಕಿಸುವ ಬುದ್ಧಿವಂತಿಕೆ ಬೇಡ.

ಒಂದು ವೇಳೆ ಹೆಡ್‌ಲೈಟ್ ಪೂರ್ತಿ ಬದಲಿಸಬೇಕಾಗಿ ಬಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹಳೆಯದು ಹುಡುಕುತ್ತೀರಿ. ಹುಡುಕಿ, ತಪ್ಪಿಲ್ಲ. ಆದರೆ ಹೊರದೇಶದಿಂದ ಬಂದ ಲ್ಯಾಂಪ್ ಆದರೆ ಎಡ ಸ್ಟೇರಿಂಗ್ ಗಾಡಿಯದಾ ಕೇಳಿ. ನಾವು ರಸ್ತೆಯ ಎಡಕ್ಕೆ ಓಡಿಸುವವರು, ಹಾಗಾಗಿ ಡಿಮ್ ಲೈಟ್ ಎಡ ಅಂಚಿನಲ್ಲಿ ಸ್ವಲ್ಪ ಮೇಲಕ್ಕೇಳಬೇಕು. ಅಲ್ಲಿಯ ಲ್ಯಾಂಪ್ ಬಲಕ್ಕೆ ಏಳುತ್ತದೆ, ಎದುರು ಬರುವವನ ಕಣ್ಣಿಗೇ ಹೊಡೆಯುತ್ತದೆ. ರಾತ್ರಿ ಗೋಡೆಗೆ ಬೆಳಕು ಬಿಟ್ಟು ನೋಡಿದರೆ ಒಂದೇ ನಿಮಿಷಕ್ಕೆ ಗೊತ್ತಾಗುತ್ತದೆ. ಇಷ್ಟೆಲ್ಲ ಸರಿಯಾಗುವವರೆಗೆ ಆಗುಂಬೆ ಕಡೆ ರಾತ್ರಿ ಹೋಗಬೇಡಿ. ಆ ಮಂಜಿನಲ್ಲಿ ನಿಮ್ಮ ಹಿಂದೆ ಬರುವ ಬಸ್ಸಿನವರಿಗೆ ಕಾಣುವುದು ನಿಮ್ಮ ಬ್ರೇಕ್ ಲೈಟ್ ಮಾತ್ರ.

ತೋಟದ ಮನೆ ಅಂದ ಮೇಲೆ ಇಲಿಯ ಮಾತೂ ಬಂತು. ಬಾನೆಟ್ ತೆಗೆದು ಹೆಡ್‌ಲೈಟ್ ಹಿಂದಿನ ವೈರುಗಳ ಮೇಲೆ ಟಾರ್ಚ್ ಬಿಡಿ. ಅಡಿಕೆ ಸಿಪ್ಪೆ, ಹಿಕ್ಕೆ, ಚಾಕುವಿನಲ್ಲಿ ಕೊಯ್ದ ಹಾಗೆ ಹಲ್ಲಿನ ಗುರುತು ಕಂಡರೆ ಮೇಲೆ ಹೇಳಿದ್ದರ ಜೊತೆಗೆ ಅದೂ ಸೇರಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ರಿಪೇರಿಯಾ, ವಾಪಸ್ಸಾ? ಇದಕ್ಕೆ ಉತ್ತರ ಲೈಟುಗಳಲ್ಲಿಲ್ಲ, ಡಿಕ್ಕಿಯ ಮ್ಯಾಟ್ ಕೆಳಗಿದೆ. ಯಾವ ರಿಪೇರಿಗೂ ಮುಂಚೆ ಇದನ್ನು ಮಾಡಿ. ಮ್ಯಾಟ್ ಎತ್ತಿ, ಸ್ಟೆಪ್ನಿ ಅಥವಾ ಬ್ಯಾಟರಿ ಕೂರುವ ಗುಂಡಿಯ ಮೂಲೆಗಳಿಗೆ ಬೆರಳು ಹಾಕಿ. ನೀರು ಅಥವಾ ತೇವ ಇದ್ದರೂ ಮಣ್ಣಿಲ್ಲ ಅಂದರೆ, ಅದು ಬಹುಶಃ ಸನ್‌ರೂಫಿನಿಂದ ಇಳಿದದ್ದು. ಸನ್‌ರೂಫಿನ ಮೂಲೆಗಳಲ್ಲಿ ನೀರು ಹೋಗುವ ಸಣ್ಣ ಕೊಳವೆಗಳಿರುತ್ತವೆ. ಎಲೆ ಕಸ ಕಟ್ಟಿಕೊಂಡರೆ ನೀರು ಗಾಡಿಯ ಚಾವಣಿ ಹೊತ್ತ ಕಂಬದೊಳಗಿಂದ ಇಳಿದು ಡಿಕ್ಕಿಗೆ ಬರುತ್ತದೆ. ನಿಮ್ಮ ಎಡಗಡೆ ಅರ್ಥ್ ಬೋಲ್ಟ್ ಕಿಲುಬು ಹಿಡಿದಿದ್ದರೆ ಕಾರಣವೂ ಇದೇ ಇರಬಹುದು. ಕೊಳವೆ ಬಿಡಿಸಿ, ಗುಂಡಿ ಒಣಗಿಸಿ, ಮೇಲೆ ಹೇಳಿದ ಮೂರು ಕೆಲಸ ಮಾಡಿಸಿ ಗಾಡಿ ಇಟ್ಟುಕೊಳ್ಳಿ. ಎಸ್ಟಿಮೇಟಿನ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಖರ್ಚಾಗಲಿಕ್ಕಿಲ್ಲ, ಅದರಲ್ಲೂ ಜಾಸ್ತಿ ದುಡ್ಡು ಹೋಗುವುದು ಝೆನಾನ್ ಬಲ್ಬಿಗೆ.

ಆದರೆ ಬೆರಳಿಗೆ ನಯವಾದ ಕೆಸರು ಹತ್ತಿದರೆ ನಿಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ನೀರು ನುಗ್ಗಿದಾಗ ಎಷ್ಟು ದೊಡ್ಡ ಗಾಡಿಗಳು ಮುಳುಗಿದವು ಅಂತ ಟಿವಿಯಲ್ಲಿ ನೋಡಿರುತ್ತೀರಿ. 2015ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲೂ ಹಾಗೇ ಆಗಿತ್ತು. ಮುಳುಗಿದ ಗಾಡಿ ತೊಳೆದು ಪಾಲಿಶ್ ಮಾಡಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದೆಯಾ ಅಂತ. ಸೀಟಿನ ಹಳಿಗಳಲ್ಲಿ ತುಕ್ಕು ನೋಡಿ. ಕಾಲಡಿಯ ಕಾರ್ಪೆಟ್ ಎತ್ತಿ ಒಂದು ಕಪ್ಲರ್ ಬಿಚ್ಚಿ, ಪಿನ್‌ಗಳು ಹಸಿರಾಗಿದ್ದರೆ ಇನ್ನೇನೂ ನೋಡುವುದು ಬೇಡ. ಅಂಥ ಗಾಡಿಯಲ್ಲಿ ಇವತ್ತು ಇಂಡಿಕೇಟರ್, ಬರುವ ತಿಂಗಳು ಏರ್‌ಬ್ಯಾಗ್, ಆಮೇಲೆ ಗೇರ್‌ಬಾಕ್ಸ್ ಮಾಡ್ಯೂಲ್. ಎಲ್ಲದರ ಫೋಟೋ ತೆಗೆದುಕೊಂಡು, ಡೀಲರ್ ಬರೆದುಕೊಟ್ಟ ಕಾಗದ ಹಿಡಿದು ಈ ವಾರವೇ ಬೆಂಗಳೂರಿಗೆ ಹೊರಡಿ, ಹಗಲು ಹೊತ್ತಿನಲ್ಲೇ. ಅದಕ್ಕೂ ಮುಂಚೆ ಒಂದು ಬಲ್ಬಿಗೂ ದುಡ್ಡು ಹಾಕಬೇಡಿ.